ರೈಲು ಕೇಂದ್ರದ್ದಾದರೇನು, ಹಳಿ ಹಾಸಿದ ನೆಲ ಯಾರದ್ದು?

(ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



"ರೈಲು ಕೇಂದ್ರದ್ದು." ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ! ಟಿಕೆಟ್ ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿದರೆ ಅರ್ಥವಾಗದ ಮುಖ, ಬೋಗಿಯೊಳಗೆ ಟಿ.ಟಿ.ಯ ಹಿಂದಿ, ವಿಚಾರಣೆಯ ಕಿಟಕಿಯಲ್ಲಿ ಅರೆಬರೆ ಇಂಗ್ಲಿಷು. ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. ರೈಲು ಕೇಂದ್ರದ್ದು, ಒಂದು ರಾಜ್ಯದ ಸ್ವತ್ತಲ್ಲ, ಹತ್ತು ಭಾಷೆಯ ನೆಲ ದಾಟಿ ಹೋಗುವ ಗಾಡಿ ಊರೂರಿಗೆ ಭಾಷೆ ಬದಲಿಸುತ್ತಾ ಕೂರಲು ಆಗುತ್ತದೆಯೇ? ಕೇಳಿದ ನಾವೂ ‘ಅದೂ ಸರಿಯೇ’ ಎಂದು ತಲೆಯಾಡಿಸಿ ಬಂದುಬಿಡುತ್ತೇವೆ. ಅಲ್ಲಿಗೆ ನಮ್ಮ ಹೋರಾಟ ಮುಗಿಯುತ್ತದೆ.

ಆಗುತ್ತದೆ ಸ್ವಾಮಿ! ಊರೂರಿಗೆ ಭಾಷೆ ಬದಲಿಸುತ್ತಾ ಓಡುವ ರೈಲು ಈ ಭೂಮಿಯ ಮೇಲೆ ಇದೆ. ಅದೂ ಕೇಂದ್ರ ಸರ್ಕಾರದ್ದೇ ರೈಲು. ಆ ರೈಲಿನ ಒಳ್ಳೆಯದು, ಕೆಟ್ಟದ್ದು ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ. ಒಳ್ಳೆಯದನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ನಾಳೆ ಯಾರಾದರೂ ಬುದ್ಧಿವಂತ ಅಧಿಕಾರಿ ಕೆಟ್ಟದ್ದನ್ನು ಎತ್ತಿ ನಿಮ್ಮ ಮುಖಕ್ಕೆ ಹಿಡಿದರೆ ನೀವು ತಬ್ಬಿಬ್ಬಾಗಬಾರದಲ್ಲ.

ಬೆಲ್ಜಿಯಂ ಪುಟ್ಟ ದೇಶ. ವಿಸ್ತೀರ್ಣ ಸುಮಾರು 30,500 ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1,91,791 ಚದರ ಕಿಲೋಮೀಟರ್. ಅಂದರೆ ನಮ್ಮ ಆರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ನೆಲದಲ್ಲಿ ಮೂರು ಭಾಷೆ. ಉತ್ತರಕ್ಕೆ ಫ್ಲಾಂಡರ್ಸ್, ಅಲ್ಲಿ ಡಚ್. ದಕ್ಷಿಣಕ್ಕೆ ವಲೋನಿಯಾ, ಅಲ್ಲಿ ಫ್ರೆಂಚ್. ಪೂರ್ವದ ಅಂಚಿನಲ್ಲಿ ಸುಮಾರು ಎಂಬತ್ತು ಸಾವಿರ ಜನರ ಜರ್ಮನ್. ನಡುವೆ ರಾಜಧಾನಿ ಬ್ರಸೆಲ್ಸ್, ಅಲ್ಲಿ ಕಾನೂನು ಪ್ರಕಾರ ಫ್ರೆಂಚ್ ಮತ್ತು ಡಚ್ ಎರಡೂ ಸಮಸಮ.

ಅಲ್ಲಿಗೆ ರೈಲು ಬಂದದ್ದು 1835ರ ಮೇ 5ರಂದು, ಬ್ರಸೆಲ್ಸ್‌ನಿಂದ ಮೆಕೆಲೆನ್ ಎಂಬ ಊರಿಗೆ. ಯುರೋಪಿನ ಮೊದಮೊದಲ ಉಗಿಬಂಡಿ ಮಾರ್ಗಗಳಲ್ಲಿ ಅದೂ ಒಂದು. 1926ರಲ್ಲಿ ಸರ್ಕಾರ ತನ್ನ ರೈಲನ್ನೆಲ್ಲ ಒಂದು ರಾಷ್ಟ್ರೀಯ ಕಂಪನಿಗೆ ವಹಿಸಿತು. ಇವತ್ತು ಆ ಕಂಪನಿ ಪ್ರಯಾಣಿಕರ ರೈಲನ್ನು ಮಾತ್ರ ಓಡಿಸುತ್ತದೆ. ಹಳಿ ಮತ್ತು ಸಿಗ್ನಲ್ಲಿನ ಉಸ್ತುವಾರಿ ಇನ್‌ಫ್ರಾಬೆಲ್ ಎಂಬ ಇನ್ನೊಂದು ಸರ್ಕಾರಿ ಸಂಸ್ಥೆಯದು. ಸರಕು ಸಾಗಣೆ ಖಾಸಗಿಯವರ ಪಾಲಾಗಿದೆ.

ಈ ಕಂಪನಿಗೆ ಹೆಸರೇ ಎರಡು. ಡಚ್ಚರಿಗೆ ಅದು ಎನ್.ಎಂ.ಬಿ.ಎಸ್., ಫ್ರೆಂಚರಿಗೆ ಎಸ್.ಎನ್.ಸಿ.ಬಿ. ಒಂದು ಅಸಲಿ, ಇನ್ನೊಂದು ಅನುವಾದ ಎಂಬ ಲೆಕ್ಕ ಅಲ್ಲಿಲ್ಲ. ಎರಡೂ ಅಸಲಿ. ಅದರ ಲಾಂಛನ ಮಾತ್ರ ಒಂದೇ, ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ‘ಬಿ’ ಎಂಬ ಒಂಟಿ ಅಕ್ಷರ. 1936ರಲ್ಲಿ ಹೆನ್ರಿ ವಾನ್ ಡೆ ವೆಲ್ಡೆ ಎಂಬ ಹೆಸರಾಂತ ವಾಸ್ತುಶಿಲ್ಪಿ ಬರೆದದ್ದು. ದೇಶದ ಹೆಸರು ಡಚ್‌ನಲ್ಲೂ ಫ್ರೆಂಚ್‌ನಲ್ಲೂ ಜರ್ಮನ್‌ನಲ್ಲೂ ಅದೇ ಅಕ್ಷರದಿಂದ ಶುರುವಾಗುತ್ತದೆ. ಹಾಗಾಗಿ ಯಾರಿಗೂ ತಕರಾರಿಲ್ಲ. ಅಚ್ಚಿನ ಕಸುಬಿನವನಾದ ನನಗೆ ಈ ಒಂದಕ್ಷರದ ಜಾಣತನ ಬಹಳ ಹಿಡಿಸಿತು.

ಈಗ ಗಾಡಿ ಹತ್ತೋಣ. ಪಶ್ಚಿಮದ ಕಡಲ ತೀರದಲ್ಲಿ ಒಸ್ಟೆಂಡ್ ಎಂಬ ಊರು. ಅಲ್ಲಿಂದ ಪೂರ್ವದ ತುದಿಯ ಯೂಪೆನ್‌ಗೆ ಒಂದು ರೈಲು ಹೋಗುತ್ತದೆ. ಸುಮಾರು ಮೂರು ಗಂಟೆಯ ಪ್ರಯಾಣ, ನಮ್ಮಲ್ಲಿ ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋದಷ್ಟು. ಒಸ್ಟೆಂಡ್, ಬ್ರೂಗೆ, ಗೆಂಟ್ ದಾಟುವವರೆಗೆ ಬೋಗಿಯೊಳಗಿನ ಪ್ರಕಟಣೆ ಡಚ್‌ನಲ್ಲಿ. ಬ್ರಸೆಲ್ಸ್ ಬಂತೋ, ಎರಡು ಭಾಷೆ ಶುರು. ಬ್ರಸೆಲ್ಸ್ ಬಿಟ್ಟು ಲ್ಯೂವೆನ್ ಕಡೆಗೆ ಹೊರಟರೆ ಫ್ರೆಂಚ್ ನಿಂತುಹೋಗಿ ಮತ್ತೆ ಡಚ್ ಒಂದೇ. ಭಾಷಾಗಡಿ ದಾಟಿ ಲಿಯೇಜ್ ಕಡೆಗೆ ಬಂದರೆ ಡಚ್ ನಿಂತು ಫ್ರೆಂಚ್. ಕೊನೆಗೆ ಯೂಪೆನ್‌ನಲ್ಲಿ ಜರ್ಮನ್. ಒಂದೇ ಗಾಡಿ, ಒಂದೇ ಟಿಕೆಟ್. ಭಾಷೆ ಮಾತ್ರ ನೆಲ ಬದಲಾದಂತೆ ಬದಲಾಗುತ್ತದೆ. ವಿಮಾನ ನಿಲ್ದಾಣದ ಕಡೆಯ ಗಾಡಿಗಳಲ್ಲಿ ಹೊರದೇಶದವರಿಗೆಂದು ಇಂಗ್ಲಿಷೂ ಕೇಳಿಬರುತ್ತದೆ, ಆದರೆ ಅದು ನೆಲದ ಭಾಷೆಯ ಜಾಗದಲ್ಲಿ ಕೂರುವುದಿಲ್ಲ.

ಊರಿನ ಹೆಸರಿಗೂ ಇದೇ ನಿಯಮ. ಫ್ರೆಂಚರು ‘ಮೋನ್ಸ್’ ಎನ್ನುವ ಊರಿಗೆ ಡಚ್ಚರು ‘ಬೆರ್ಗೆನ್’ ಎನ್ನುತ್ತಾರೆ. ಎರಡರ ಅರ್ಥವೂ ಬೆಟ್ಟವೇ. ಅಲ್ಲಿಗೆ ಹೋಗುವ ಗಾಡಿ ಫ್ಲಾಂಡರ್ಸ್ ನೆಲದಲ್ಲಿ ಇರುವಷ್ಟು ಹೊತ್ತು ಬೋರ್ಡಿನಲ್ಲಿ ‘ಬೆರ್ಗೆನ್’, ಗಡಿ ದಾಟಿದ ಮೇಲೆ ‘ಮೋನ್ಸ್’. ಫ್ರಾನ್ಸ್ ದೇಶದಲ್ಲಿರುವ ಲಿಲ್ ಎಂಬ ಊರು ಕೂಡ ಫ್ಲಾಂಡರ್ಸ್ ನಿಲ್ದಾಣಗಳಲ್ಲಿ ‘ರೈಸೆಲ್’ ಆಗುತ್ತದೆ. ಪರದೇಶದವರಿಗೆ ಇದು ತಲೆನೋವು, ಒಪ್ಪುತ್ತೇನೆ. ಲಿಲ್‌ಗೆ ಹೋಗಬೇಕಾದವನು ‘ರೈಸೆಲ್’ ಎಂದು ಬರೆದ ಗಾಡಿಯನ್ನು ಕಣ್ಣೆದುರೇ ಬಿಟ್ಟು ನಿಂತರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಯ ಸರ್ಕಾರದ ನಿಲುವು ಸ್ಪಷ್ಟ. ಎರಡು ದಿನದ ಮಟ್ಟಿಗೆ ಬಂದುಹೋಗುವವನು ಹೆಸರು ಕಲಿಯಲಿ, ತಲತಲಾಂತರದಿಂದ ಅಲ್ಲೇ ಇರುವವನು ತನ್ನ ಊರಿನ ಹೆಸರನ್ನು ಬಿಡಬೇಕಾಗಿಲ್ಲ. ಬೆಲ್ಗಾಂ ಬೆಳಗಾವಿಯಾಗಲು, ಗುಲ್ಬರ್ಗ ಕಲಬುರಗಿಯಾಗಲು, ಬ್ಯಾಂಗಲೋರ್ ಬೆಂಗಳೂರಾಗಲು 2014ರ ನವೆಂಬರ್ 1ರವರೆಗೆ ಕಾದ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬೆಲ್ಜಿಯಂನವರು ಹುಟ್ಟಾ ನ್ಯಾಯವಂತರೇ? ಖಂಡಿತ ಅಲ್ಲ. 1830ರಲ್ಲಿ ಆ ದೇಶ ಹುಟ್ಟಿದಾಗ ಜನಸಂಖ್ಯೆಯಲ್ಲಿ ಹೆಚ್ಚಿನವರು ಡಚ್ ಆಡುವ ಫ್ಲೆಮಿಷರೇ. ಆದರೆ ಆಡಳಿತ, ಸೈನ್ಯ, ನ್ಯಾಯಾಲಯ, ವಿಶ್ವವಿದ್ಯಾಲಯ ಎಲ್ಲವೂ ಫ್ರೆಂಚ್. ಫ್ಲೆಮಿಷ್ ಎಂದರೆ ಹೊಲಗದ್ದೆಯವರ, ಆಳುಕಾಳುಗಳ ಮಾತು ಎಂಬ ತಾತ್ಸಾರ. ಮೇಲಕ್ಕೆ ಬರಬೇಕಾದರೆ ಫ್ರೆಂಚ್ ಕಲಿ, ಕಲಿತ ಮೇಲೆ ಮನೆಮಾತನ್ನು ಮರೆ. ಈ ಕಥೆ ಎಲ್ಲೋ ಕೇಳಿದಂತಿದೆ ಅನ್ನಿಸುತ್ತಿದೆಯೇ?

ಅವರ ಹೋರಾಟಕ್ಕೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. 1898ರಲ್ಲಿ ಕಾನೂನುಗಳು ಡಚ್‌ನಲ್ಲೂ ಅಧಿಕೃತ ಎಂಬ ಸಮಾನತೆಯ ಕಾಯ್ದೆ ಬಂತು. 1932ರಲ್ಲಿ ಆಯಾ ಪ್ರದೇಶದ ಆಡಳಿತ ಆಯಾ ಭಾಷೆಯಲ್ಲೇ ಎಂಬ ತತ್ವ ಕಾನೂನಾಯಿತು. 1961 ಮತ್ತು 1962ರ ಅಕ್ಟೋಬರ್ ತಿಂಗಳಲ್ಲಿ ಫ್ಲೆಮಿಷರು ಸಾವಿರಾರು ಸಂಖ್ಯೆಯಲ್ಲಿ ರಾಜಧಾನಿಗೇ ಮೆರವಣಿಗೆ ಬಂದರು. 1962–63ರಲ್ಲಿ ಭಾಷಾಗಡಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ಗಟ್ಟಿ ಮಾಡಲಾಯಿತು. ಗಡಿಯ ಅಂಚಿನಲ್ಲೂ ಬ್ರಸೆಲ್ಸ್ ಸುತ್ತಮುತ್ತಲೂ ಸೇರಿ 27 ಊರಾಡಳಿತಗಳಲ್ಲಿ ಅಲ್ಪಸಂಖ್ಯಾತ ಭಾಷೆಯವರಿಗೆ ವಿಶೇಷ ಸೌಲಭ್ಯ ಕೊಟ್ಟರು. 1968ರಲ್ಲಿ ‘ಲ್ಯೂವೆನ್ ಫ್ಲೆಮಿಷರದು’ ಎಂದು ವಿದ್ಯಾರ್ಥಿಗಳು ಬೀದಿಗಿಳಿದಾಗ ಒಂದು ಕೇಂದ್ರ ಸರ್ಕಾರವೇ ಉರುಳಿತು. ಶತಮಾನಗಳ ಹಳೆಯ ವಿಶ್ವವಿದ್ಯಾಲಯ ಎರಡು ಹೋಳಾಯಿತು. ಫ್ರೆಂಚ್ ಭಾಗ ಗಡಿಯಾಚೆ ಹೊಸ ಊರನ್ನೇ ಕಟ್ಟಿಕೊಂಡು ಹೋಯಿತು. ನಮ್ಮ ಗೋಕಾಕ್ ಚಳವಳಿಗಿಂತ ಹದಿನಾಲ್ಕು ವರ್ಷ ಮೊದಲಿನ ಮಾತಿದು.

ಇಲ್ಲಿ ಒಂದು ಮುಖ್ಯ ಸಂಗತಿ ಗಮನಿಸಿ. 1970ರಿಂದ ಈಚೆಗೆ ಬೆಲ್ಜಿಯಂ ಹಂತಹಂತವಾಗಿ ಒಕ್ಕೂಟವಾಯಿತು. ಶಿಕ್ಷಣ, ಸಂಸ್ಕೃತಿ, ರಸ್ತೆ, ಬಸ್ಸು ಎಲ್ಲ ಪ್ರದೇಶಗಳ ಕೈಗೆ ಹೋದವು. ರೈಲು ಮಾತ್ರ ಕೇಂದ್ರದಲ್ಲೇ ಉಳಿಯಿತು. ಹೊಸ ಕಾಮಗಾರಿಯ ಹಣವನ್ನು ಫ್ಲಾಂಡರ್ಸ್‌ಗೆ ನೂರಕ್ಕೆ ಅರವತ್ತು, ವಲೋನಿಯಾಕ್ಕೆ ನಲವತ್ತು ಎಂದು ತಕ್ಕಡಿಯಲ್ಲಿ ತೂಗಿ ಕೊಡುವುದು ಕೂಡ ಕೇಂದ್ರವೇ. ಹೀಗೆ ಕೇಂದ್ರದ ಸ್ವತ್ತಾಗಿ ಉಳಿದ ರೈಲು ನೆಲದ ಭಾಷೆಗೆ ತಲೆಬಾಗುತ್ತದೆ! ಯಾಕೆಂದರೆ ಅಲ್ಲಿಯ ಆಡಳಿತ ಭಾಷಾ ಕಾನೂನು ‘ಈ ಇಲಾಖೆ ಯಾರದು’ ಎಂದು ಕೇಳುವುದಿಲ್ಲ, ‘ಈ ಇಲಾಖೆ ಯಾವ ನೆಲದ ಮೇಲೆ ನಿಂತು ಜನರ ಜೊತೆ ವ್ಯವಹರಿಸುತ್ತಿದೆ’ ಎಂದು ಕೇಳುತ್ತದೆ. ಕಟ್ಟು ಇರುವುದು ಸಂಸ್ಥೆಗೆ, ಪ್ರಯಾಣಿಕನಿಗಲ್ಲ. ಪ್ರಯಾಣಿಕ ತನಗೆ ಬೇಕಾದ ಭಾಷೆಯಲ್ಲಿ ಮಾತಾಡಿಕೊಳ್ಳಲಿ, ಹಾಡಿಕೊಳ್ಳಲಿ, ಯಾರೂ ಕೇಳುವುದಿಲ್ಲ.

ಈ ಕಾನೂನು ಅತಿರೇಕಕ್ಕೂ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ಗೆ ಅಂಟಿಕೊಂಡಂತಿರುವ ವಿಲ್ವೋರ್ಡೆ ಎಂಬ ಫ್ಲೆಮಿಷ್ ಊರಿನಲ್ಲಿ ಒಬ್ಬ ರೈಲು ಕಂಡಕ್ಟರ್ ಪ್ರಯಾಣಿಕರಿಗೆ ಡಚ್‌ನಲ್ಲಿ ಶುಭೋದಯ ಹೇಳಿ, ಹಿಂದೆಯೇ ಫ್ರೆಂಚ್‌ನಲ್ಲಿ ‘ಬೋಂಜೂರ್’ ಎಂದುಬಿಟ್ಟ. ಗಾಡಿ ಇನ್ನೂ ಬ್ರಸೆಲ್ಸ್ ಗಡಿಯೊಳಗೆ ಬಂದಿರಲಿಲ್ಲ. ಒಬ್ಬ ಪ್ರಯಾಣಿಕ ಭಾಷಾ ಮೇಲುಸ್ತುವಾರಿ ಆಯೋಗಕ್ಕೆ ದೂರು ಕೊಟ್ಟ. ಕಾನೂನಿನ ಅಕ್ಷರ ನೋಡಿದರೆ ದೂರು ಸರಿ ಎಂದೇ 2025ರಲ್ಲಿ ಆಯೋಗ ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ನಕ್ಕವು. ನನಗೂ ನಗು ಬಂತು. ಒಂದು ನಮಸ್ಕಾರಕ್ಕೆ ಸರ್ಕಾರಿ ಆಯೋಗದವರೆಗೆ ಹೋಗುವುದು ದೊಡ್ಡತನವಲ್ಲ. ನಾನು ಆ ಗಾಡಿಯಲ್ಲಿದ್ದರೆ ಆ ಕಂಡಕ್ಟರಿಗೆ ಎರಡು ಭಾಷೆಯಲ್ಲೂ ನಮಸ್ಕಾರ ಹೇಳಿ ಇಳಿಯುತ್ತಿದ್ದೆ. ಆದರೆ ನಗುವ ಮುನ್ನ ಇನ್ನೊಂದು ಮಗ್ಗುಲನ್ನೂ ನೋಡಿ. ನಮ್ಮ ನೆಲದ ರೈಲಿನಲ್ಲಿ ಕನ್ನಡದ ಒಂದು ‘ನಮಸ್ಕಾರ’ವೂ ಇಲ್ಲದೆ ದಿನ ಕಳೆದರೆ ದೂರು ಕೊಡಲು ಅಂಥ ಅಧಿಕಾರವುಳ್ಳ ಆಯೋಗ ನಮಗೆ ಎಲ್ಲಿದೆ? ಅವರದು ಹೊಟ್ಟೆ ತುಂಬಿದವರ ಜಗಳ, ನಮ್ಮದು ಎಲೆ ಮುಂದೆ ಕೂತು ಅನ್ನಕ್ಕೆ ಕಾಯುವವರ ಜಗಳ.

ಈಗ ಆ ರೈಲಿನ ಕೆಟ್ಟ ದಿನದ ವಿಷಯಕ್ಕೆ ಬರುತ್ತೇನೆ. ಭಾಷೆಯೆಂದರೆ ಬರೀ ಭಾವನೆ, ಬರೀ ಬೋರ್ಡಿನ ಬಣ್ಣ ಎಂದುಕೊಂಡವರು ಇದನ್ನು ಕೇಳಲೇಬೇಕು.

2001ರ ಮಾರ್ಚ್ 27, ಬೆಳಗಿನ ಹೊತ್ತು. ಫ್ರೆಂಚ್ ಪ್ರದೇಶದ ವಾವ್ರ್ ಎಂಬ ಊರಿನಿಂದ ಡಚ್ ಪ್ರದೇಶದ ಲ್ಯೂವೆನ್‌ಗೆ ಹೋಗುವ ಹಳಿ. ನಡುವೆ ಪೆಕ್ರೋ ಎಂಬ ಸಣ್ಣ ಹಳ್ಳಿ, ಭಾಷಾಗಡಿಯ ಮಗ್ಗುಲಲ್ಲೇ ಇದೆ. ವಾವ್ರ್ ನಿಲ್ದಾಣದಿಂದ ಒಂದು ಖಾಲಿ ಗಾಡಿ ಕೆಂಪು ಸಿಗ್ನಲ್ಲನ್ನು ಲೆಕ್ಕಿಸದೆ ಹೊರಟುಬಿಟ್ಟಿತು. ಹೊರಟದ್ದು ತಪ್ಪು ಹಳಿಯಲ್ಲಿ. ಎದುರಿನಿಂದ ಅದೇ ಹಳಿಯಲ್ಲಿ ಲ್ಯೂವೆನ್ ಕಡೆಯಿಂದ ಪ್ರಯಾಣಿಕರ ಗಾಡಿ. ವಾವ್ರ್‌ನ ಸಿಗ್ನಲ್‌ಮನ್ ಗಾಬರಿಯಾಗಿ ಲ್ಯೂವೆನ್‌ನ ಸಿಗ್ನಲ್ ಕ್ಯಾಬಿನ್ನಿಗೆ ಫೋನು ಮಾಡಿದ. ಇವನು ಹೇಳಿದ್ದು ಫ್ರೆಂಚ್‌ನಲ್ಲಿ. ಫೋನು ಎತ್ತಿದವನಿಗೆ ಬರುತ್ತಿದ್ದದ್ದು ಡಚ್. ಇವನ ಮಾತು ಅವನಿಗೆ ಅರ್ಥವಾಗಲಿಲ್ಲ, ಅವನದು ಇವನಿಗೆ ಅರ್ಥವಾಗಲಿಲ್ಲ. ಪೆಕ್ರೋ ಬಳಿ ಎರಡು ಗಾಡಿಗಳು ಮುಖಾಮುಖಿ ಗುದ್ದಿದವು. ಎಂಟು ಜನ ಸತ್ತರು. ಎರಡೂ ಗಾಡಿಗಳ ಚಾಲಕರು ಸತ್ತವರಲ್ಲಿ ಸೇರಿದ್ದರು.

ಮೊದಲ ತಪ್ಪು ಕೆಂಪು ಸಿಗ್ನಲ್ ದಾಟಿದ್ದು, ಭಾಷೆಯದಲ್ಲ. ಇದನ್ನು ನೇರವಾಗಿ ಹೇಳಬೇಕು. ಆದರೆ ತಪ್ಪು ನಡೆದ ಮೇಲೆ ಅದನ್ನು ತಡೆಯಲು ಇದ್ದ ಕೆಲವೇ ನಿಮಿಷಗಳು ಎರಡು ಭಾಷೆಗಳ ನಡುವಿನ ಸಂದಿಯಲ್ಲಿ ಬಿದ್ದು ಹೋದವು. ಒಂದೇ ದೇಶ, ಒಂದೇ ಸಂಸ್ಥೆ, ಒಂದೇ ಹಳಿಯ ಎರಡು ತುದಿಯಲ್ಲಿ ಕೂತ ಇಬ್ಬರು ನೌಕರರಿಗೆ ‘ಗಾಡಿ ನಿಲ್ಲಿಸು’ ಎಂಬಷ್ಟು ಮಾತು ಪರಸ್ಪರ ಗೊತ್ತಿರಲಿಲ್ಲ. ಅವನು ಫ್ರೆಂಚ್ ನೆಲದವನು, ಫ್ರೆಂಚ್ ಸಾಕು. ಇವನು ಡಚ್ ನೆಲದವನು, ಡಚ್ ಸಾಕು. ಕಾನೂನು ಇಬ್ಬರನ್ನೂ ಸರಿ ಎನ್ನುತ್ತಿತ್ತು. ಗೆರೆಯ ಈಚೆ ಆಚೆ ಕೂತವರು ಒಬ್ಬರ ಜೊತೆ ಒಬ್ಬರು ಮಾತಾಡಲೇಬೇಕಾದ ಕೆಲಸ ರೈಲಿನದು ಎಂಬುದನ್ನು ಆ ಕಾನೂನು ಯೋಚಿಸಿರಲಿಲ್ಲ.

ಇದನ್ನು ಕೇಳಿದ ಕೂಡಲೇ ನಮ್ಮ ಬುದ್ಧಿವಂತ ಅಧಿಕಾರಿ ಎದ್ದು ನಿಲ್ಲುತ್ತಾನೆ. "ನೋಡಿದಿರಾ! ಅದಕ್ಕೇ ಹೇಳುವುದು, ಇಡೀ ದೇಶಕ್ಕೆ ಒಂದೇ ಭಾಷೆ ಬೇಕು ಅಂತ!" ಇದು ಬರೀ ಊಹೆಯ ಮಾತಲ್ಲ. ನಮ್ಮ ದೇಶದಲ್ಲೇ ಹೆಚ್ಚುಕಡಿಮೆ ಹೀಗೇ ಆಗಿದೆ.

2019ರ ಮೇ ತಿಂಗಳಲ್ಲಿ ತಮಿಳುನಾಡಿನ ಮದುರೈ ಬಳಿಯ ತಿರುಮಂಗಲಂನಲ್ಲಿ ಎರಡು ರೈಲುಗಳು ಒಂದೇ ಹಳಿಯಲ್ಲಿ ಎದುರುಬದುರಾಗುವ ಸ್ಥಿತಿ ಬಂದು ಸ್ವಲ್ಪದರಲ್ಲಿ ತಪ್ಪಿತು. ಇಬ್ಬರು ಸ್ಟೇಷನ್ ಮಾಸ್ತರರಿಗೆ ಒಬ್ಬರ ಭಾಷೆ ಒಬ್ಬರಿಗೆ ಸರಿಯಾಗಿ ಅರ್ಥವಾಗದೆ ಹೀಗಾಯಿತು ಎಂದು ಪತ್ರಿಕೆಗಳು ಬರೆದವು. ಮುಂದಿನ ತಿಂಗಳೇ ದಕ್ಷಿಣ ರೈಲ್ವೆಯಿಂದ ಒಂದು ಸುತ್ತೋಲೆ ಹೊರಟಿತು. ಕಂಟ್ರೋಲ್ ಆಫೀಸಿನವರೂ ಸ್ಟೇಷನ್ ಮಾಸ್ತರರೂ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲೇ ಮಾತಾಡಬೇಕು, ಪ್ರಾದೇಶಿಕ ಭಾಷೆ ಬಳಸಬಾರದು! ತಮಿಳುನಾಡು ಕೆರಳಿತು. ಸುತ್ತೋಲೆ ಕೆಲವೇ ದಿನಗಳಲ್ಲಿ ವಾಪಸಾಯಿತು.

ಆ ಸುತ್ತೋಲೆಯ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ತಮಿಳು ನೆಲದಲ್ಲಿ ಒಬ್ಬ ಸ್ಟೇಷನ್ ಮಾಸ್ತರಿಗೆ ತಮಿಳು ಬರುವುದಿಲ್ಲ. ಅದು ತಪ್ಪಲ್ಲ. ಇನ್ನೊಬ್ಬನಿಗೆ ತಮಿಳು ಬರುತ್ತದೆ. ಅದು ತಪ್ಪು! ಬಾರದವನಿಗೆ ಕಲಿಸುವುದು ಬಿಟ್ಟು, ಬರುವವನ ಬಾಯಿಗೆ ಬೀಗ. ಮನೆಗೆ ಬಂದ ಅತಿಥಿಗೆ ಹೊಸಿಲು ತಲೆಗೆ ತಾಗಿತೆಂದು ಮನೆಯವರನ್ನೇ ಹೊರಗೆ ಹಾಕಿದ ಹಾಗಾಯಿತು ಇದು.

ರೈಲಿನ ಕೆಲಸ ಹೇಗೆ ನಡೆಯುತ್ತದೆ ಎಂದು ಬಲ್ಲವರಿಗೆ ಈ ತರ್ಕದ ಅಪಾಯ ಗೊತ್ತು. ಲೆವೆಲ್ ಕ್ರಾಸಿಂಗ್‌ನ ಗೇಟ್‌ಮನ್ ಮತ್ತು ಸ್ಟೇಷನ್ ಮಾಸ್ತರ್ ಫೋನಿನಲ್ಲಿ ‘ಪ್ರೈವೇಟ್ ನಂಬರ್’ ಹೇಳಿ ಬರೆದುಕೊಳ್ಳುತ್ತಾರೆ. ಗೇಟು ಹಾಕಿದೆ ಎಂಬುದಕ್ಕೆ ಅದೇ ಖಾತ್ರಿ. ಅಲ್ಲಿಯವರೆಗೆ ಸಂಖ್ಯೆ ಸಾಕು, ಭಾಷೆ ದೊಡ್ಡದಲ್ಲ ಎನ್ನಿ. ಆದರೆ ಗೇಟಿನ ನಡುವೆ ಕಬ್ಬಿನ ಗಾಡಿ ಮುರಿದು ನಿಂತರೆ? ಹಳಿಯ ಮೇಲೆ ಮರ ಬಿದ್ದಿದೆ ಎಂದು ಹೊಲದಲ್ಲಿದ್ದ ರೈತ ಓಡಿ ಬಂದು ಹೇಳಿದರೆ? ಬೋಗಿಯಲ್ಲಿ ಹೊಗೆ ಕಾಣುತ್ತಿದೆ ಎಂದು ಊರಿನ ಹೆಂಗಸು ಕೂಗಿಕೊಂಡರೆ? ಆ ರೈತ, ಆ ತಾಯಿ ಹಿಂದಿಯಲ್ಲಿ ಕೂಗುತ್ತಾರೆಯೇ? ಅನಾಹುತದ ಮೊದಲ ಸುದ್ದಿ ಯಾವಾಗಲೂ ನೆಲದ ಭಾಷೆಯಲ್ಲಿ ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಗೇಟಿನಲ್ಲಿ, ಸ್ಟೇಷನ್ನಿನಲ್ಲಿ, ಗಾಡಿಯ ಗಾರ್ಡಿನ ಬಳಿ ಇರಬೇಕು. ಮಾಸ್ತರರಿಬ್ಬರು ತಮ್ಮೊಳಗೆ ಹಿಂದಿಯಲ್ಲಿ ಮಾತಾಡಿಕೊಂಡರೆ ಈ ಕೂಗು ಅವರಿಗೆ ಮುಟ್ಟಿದಂತಾಗುವುದಿಲ್ಲ.

ಪೆಕ್ರೋ ದುರಂತದಿಂದ ಕಲಿಯಬೇಕಾದದ್ದು ಬೇರೆ. ಎರಡು ಭಾಷೆಯ ನೆಲ ಕೂಡುವ ಕಡೆ ನೌಕರನಿಗೆ ಎರಡೂ ಬರಬೇಕು. ಒಳನಾಡಿನಲ್ಲಿ ಆ ನೆಲದ್ದು ಬರಲೇಬೇಕು. ಯುರೋಪಿನ ದೇಶಗಳು 2007ರಲ್ಲಿ ರೈಲು ಚಾಲಕರ ಬಗ್ಗೆ ಮಾಡಿಕೊಂಡ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಒಂದು ದೇಶದ ಹಳಿಯ ಮೇಲೆ ಗಾಡಿ ಓಡಿಸುವವನಿಗೆ ಅಲ್ಲಿಯ ಸಿಗ್ನಲ್‌ಮನ್‌ನ ಭಾಷೆ ಮಾತಾಡಿ ಅರ್ಥಮಾಡಿಕೊಳ್ಳುವಷ್ಟು ಬರಬೇಕು, ಪರೀಕ್ಷೆ ಕೊಟ್ಟು ತೋರಿಸಬೇಕು. ರಾಯಚೂರು–ಗುಂತಕಲ್ ನಡುವೆ, ಬೆಳಗಾವಿ–ಮೀರಜ್ ನಡುವೆ, ಬಂಗಾರಪೇಟೆ–ಕುಪ್ಪಂ ನಡುವೆ ಇದನ್ನೇ ತಂದರೆ ಯಾರಿಗೆ ನಷ್ಟ? ಕನ್ನಡ ಬಲ್ಲ, ತೆಲುಗು ಬಲ್ಲ, ಮರಾಠಿ ಬಲ್ಲ ನಮ್ಮ ಗಡಿನಾಡಿನ ಹುಡುಗರಿಗೆ ಈ ಕೆಲಸ ಹುಟ್ಟಿನಿಂದಲೇ ಗೊತ್ತು. ಬಳ್ಳಾರಿಯ ಹುಡುಗನಿಗೆ ಎರಡು ಭಾಷೆ ಬರುವುದು ಪದವಿಯಲ್ಲ, ಬದುಕು.

ನಮ್ಮ ಕಡೆಯ ಪರಿಸ್ಥಿತಿ ಏನೂ ಬದಲಾಗಿಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಹೋರಾಡಿದವರಿಗೆ ಅವಮಾನ ಮಾಡಿದಂತೆ. ನಿಲ್ದಾಣದ ಹೆಸರಿನ ಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ, ಮೇಲಿನ ಸಾಲು ಕನ್ನಡದ್ದು. 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಇದೆ. ರೈಲ್ವೆ ನೇಮಕಾತಿ ಪರೀಕ್ಷೆಗಳನ್ನು ಸ್ಥಳೀಯ ಭಾಷೆಗಳಲ್ಲಿ ಬರೆಯುವ ಅವಕಾಶ ಮಮತಾ ಬ್ಯಾನರ್ಜಿಯವರು ರೈಲ್ವೆ ಸಚಿವರಾಗಿದ್ದ 2009–2011ರ ಅವಧಿಯಲ್ಲಿ ಬಂತು. ಅದಕ್ಕೆ ಮೊದಲು ನಮ್ಮ ಹುಡುಗರು ಪ್ರಶ್ನೆಪತ್ರಿಕೆಯ ಭಾಷೆಗೇ ಸೋತು ಬರುತ್ತಿದ್ದರು. 2018ರಲ್ಲಿ ಕಾಯ್ದಿರಿಸದ ಟಿಕೆಟಿನ ಮೇಲೆ ಕನ್ನಡ ಅಚ್ಚಾಗತೊಡಗಿತು. ಇವೆಲ್ಲ ತಾನಾಗಿ ಬಿದ್ದ ಹಣ್ಣುಗಳಲ್ಲ, ಲಾಠಿ ಏಟು ತಿಂದು ಉದುರಿಸಿದ ಹಣ್ಣುಗಳು.

ಆದರೆ ಇವುಗಳಲ್ಲಿ ಹೆಚ್ಚಿನವು ಅಚ್ಚಿನ ಕನ್ನಡ. ಅಚ್ಚಿನ ಕನ್ನಡ ಸುಲಭ, ನಾನೇ ಮಾಡಿಕೊಡುತ್ತೇನೆ. ಒಂದು ಸಲ ಪ್ಲೇಟು ಮಾಡಿದರೆ ಸಾವಿರ ಪ್ರತಿ ತೆಗೆಯಬಹುದು. ಬಾಯಿಯ ಕನ್ನಡ, ಕಿವಿಯ ಕನ್ನಡ ಕಷ್ಟ. ಅದಕ್ಕೆ ಮನುಷ್ಯ ಬೇಕು. ಫಲಕದ ಮೇಲೆ ಕನ್ನಡ ಇದ್ದು, ಫಲಕದ ಕೆಳಗೆ ಕೂತ ಗುಮಾಸ್ತನಿಗೆ ಕನ್ನಡ ಬಾರದಿದ್ದರೆ ಅದು ಹೋಟೆಲ್ ಗೋಡೆಯ ಮೇಲೆ ಬರೆದ ತಿಂಡಿ ಪಟ್ಟಿಯಂತೆ. ಓದಬಹುದು, ಹೊಟ್ಟೆ ತುಂಬುವುದಿಲ್ಲ.

ಇದಕ್ಕೆ ಬೇರೆ ರಾಜ್ಯದಿಂದ ಬಂದು ಇಲ್ಲಿ ಗ್ಯಾಂಗ್‌ಮನ್ ಆಗಿ, ಗುಮಾಸ್ತನಾಗಿ ದುಡಿಯುವ ಹುಡುಗನ ಮೇಲೆ ಕೈ ಮಾಡುವುದು ಪರಿಹಾರವಲ್ಲ. ನಮ್ಮವರಲ್ಲೇ ಕೆಲವರಿಗೆ ಈ ಮಾತು ಹಿಡಿಸದಿರಬಹುದು, ಆದರೂ ಹೇಳುತ್ತೇನೆ. ಅವನು ಹೊಟ್ಟೆಪಾಡಿಗೆ ಬಂದವನು. ಕನ್ನಡ ಕಲಿಯಬೇಕು ಎಂದು ಅವನಿಗೆ ಯಾವ ನೇಮಕಾತಿ ಆದೇಶವೂ ಹೇಳಿಲ್ಲ, ಯಾವ ಮೇಲಧಿಕಾರಿಯೂ ಕಲಿಸಿಲ್ಲ. ಜಗಳ ಇರಬೇಕಾದ್ದು ಆ ಆದೇಶ ಬರೆದವರ ಜೊತೆ. ಸಿ ಮತ್ತು ಡಿ ದರ್ಜೆಯ ಕೆಲಸಗಳೆಲ್ಲ ಕನ್ನಡಿಗರಿಗೇ ಸಿಗಬೇಕು ಎಂದು ಸರೋಜಿನಿ ಮಹಿಷಿ ವರದಿ 1986ರಲ್ಲೇ ಹೇಳಿತು. ಆ ವರದಿಯ ಮೇಲೆ ಎಷ್ಟು ಧೂಳು ಕೂತಿದೆ ಎಂದು ನಿಮಗೆ ಗೊತ್ತು.

ಇನ್ನು ಹಿಂದಿಯ ವ್ಯವಸ್ಥೆ ನೋಡಿ. 1976ರ ರಾಜಭಾಷಾ ನಿಯಮಗಳ ಪ್ರಕಾರ ದೇಶವನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಿದ್ದಾರೆ. ಕರ್ನಾಟಕ ‘ಸಿ’ ಗುಂಪಿನಲ್ಲಿದೆ. ತಮಿಳುನಾಡಿಗೆ ಆ ನಿಯಮಗಳೇ ಅನ್ವಯಿಸುವುದಿಲ್ಲ ಎಂದು ಆ ನಿಯಮದಲ್ಲೇ ಬರೆದಿದೆ! ನಮ್ಮ ನೆಲದ ರೈಲ್ವೆ ಕಚೇರಿಗಳಲ್ಲಿ ಹಿಂದಿಯ ಪ್ರಗತಿ ನೋಡಲು ರಾಜಭಾಷಾ ಅಧಿಕಾರಿ ಇದ್ದಾರೆ, ಸೆಪ್ಟೆಂಬರ್ ಬಂದರೆ ಹಿಂದಿ ಪಕ್ಷಾಚರಣೆ, ಪ್ರಬಂಧ ಸ್ಪರ್ಧೆ, ಬಹುಮಾನ. ಕಲಿಯಲಿ, ಬೇಡ ಎನ್ನುವುದಿಲ್ಲ. ಆದರೆ ಕೌಂಟರಿನ ಈಚೆ ನಿಂತ ಕನ್ನಡಿಗನ ಭಾಷೆಯನ್ನು ಎಷ್ಟು ಜನ ನೌಕರರು ಕಲಿತರು ಎಂದು ಲೆಕ್ಕ ಇಡಲು ಒಬ್ಬ ಅಧಿಕಾರಿ ಬೇಡವೇ?

ಕಷ್ಟವೇ ಇದು? ರಾಜ್ಯ ಸರ್ಕಾರದ ನೌಕರಿಗೆ ಕನ್ನಡ ಭಾಷಾ ಪರೀಕ್ಷೆ ಇದೆ. ಬಿಹಾರದಿಂದಲೋ ರಾಜಸ್ಥಾನದಿಂದಲೋ ಕರ್ನಾಟಕಕ್ಕೆ ಬರುವ ಐ.ಎ.ಎಸ್. ಅಧಿಕಾರಿ ಕೂಡ ತರಬೇತಿಯ ಕಾಲದಲ್ಲೇ ಕನ್ನಡ ಪರೀಕ್ಷೆ ಪಾಸು ಮಾಡಬೇಕು. ಐ.ಎ.ಎಸ್. ಕೂಡ ಕೇಂದ್ರದ ನೇಮಕಾತಿಯೇ ತಾನೇ? ಇಡೀ ಜಿಲ್ಲೆ ಆಳುವ ಡಿ.ಸಿ. ಸಾಹೇಬರು ಕಲಿಯುವ ಕನ್ನಡವನ್ನು ಟಿಕೆಟ್ ಹರಿಯುವ ಗುಮಾಸ್ತ ಕಲಿಯಲಾಗದೇ? ಬೆಲ್ಜಿಯಂನಲ್ಲಿ ಎಂಬತ್ತು ಸಾವಿರ ಜನರ ಜರ್ಮನ್ ಭಾಷೆಗಾಗಿ ಕೇಂದ್ರದ ರೈಲು ಭಾಷೆ ಬದಲಿಸುತ್ತದೆ. ಅಷ್ಟು ಜನ ನಮ್ಮ ಒಂದು ಸಣ್ಣ ತಾಲ್ಲೂಕಿನಲ್ಲಿದ್ದಾರೆ. ಕೋಟಿಗಟ್ಟಲೆ ಕನ್ನಡಿಗರಿಗಾಗಿ ಬದಲಿಸಲು ಆಗದು ಎಂದರೆ ಅದು ಆಗದ ಮಾತಲ್ಲ, ಮನಸ್ಸಿಲ್ಲದ ಮಾತು.

ಕೆಲಸದ ಮಾತಿಗೆ ಬರೋಣ. ನೈಋತ್ಯ ರೈಲ್ವೆಯ ಜನರಲ್ ಮ್ಯಾನೇಜರಿಗೆ ಕಳಿಸಲು ಒಂದು ಮನವಿಯ ನಮೂನೆಯನ್ನು ಅಚ್ಚು ಹಾಕಿಸಿ ತಂದಿದ್ದೇನೆ, ಕಾರ್ಯಕರ್ತರ ಬಳಿ ಸಿಗುತ್ತದೆ. ಅದರಲ್ಲಿ ಕೇಳಿರುವುದು ಇಷ್ಟೇ. ಜನರ ಜೊತೆ ಮಾತಾಡುವ ಹುದ್ದೆಗೆ ಮತ್ತು ಗಾಡಿಯ ಸುರಕ್ಷತೆಯ ಹುದ್ದೆಗೆ ಬರುವ ಪ್ರತಿಯೊಬ್ಬರಿಗೂ ಕನ್ನಡದ ಬಾಯಿಪರೀಕ್ಷೆ ಇಡಿ, ಬಾರದವರಿಗೆ ಇಲಾಖೆಯ ಖರ್ಚಿನಲ್ಲೇ ಕಲಿಸಿ, ಗಡಿ ನಿಲ್ದಾಣಗಳಲ್ಲಿ ನೆರೆಯ ಭಾಷೆಯನ್ನೂ ಕಲಿಸಿ. ಬೈಗುಳ ಬರೆಯಬೇಡಿ, ಬೈಗುಳದ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ. ನಾಲ್ಕು ಖಾಲಿ ಜಾಗ ಬಿಟ್ಟಿದ್ದೇನೆ: ನಿಲ್ದಾಣದ ಹೆಸರು, ದಿನಾಂಕ, ವೇಳೆ, ಯಾವ ಕೌಂಟರಿನಲ್ಲಿ ಅಥವಾ ಯಾವ ಗಾಡಿಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ನಿಮ್ಮ ಕೈಯಾರೆ ತುಂಬಿ, ಸಹಿ ಹಾಕಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಂಡು, ಇನ್ನೊಂದನ್ನು ಹುಬ್ಬಳ್ಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ ಜೋಪಾನ.